ಫ್ಲೋರೈಡ್ ಹಿಡಿಯೋ ಡಿಎನ್‌ಎ ತುಣುಕನ್ನ ಲ್ಯಾಬಲ್ಲೇ ಆರಿಸಿ ತೆಗೀಬಹುದಾ?

ಪ್ರಶ್ನೆ: ಬಯಲುಸೀಮೆ_ಹುಡುಗ

ಎಲ್ಲರಿಗೂ ನಮಸ್ಕಾರ. ದಾವಣಗೆರೇಲಿ ಬಯೋಟೆಕ್ನಾಲಜಿ ಎಂ.ಎಸ್ಸಿ ಕೊನೇ ವರ್ಷದಲ್ಲಿದ್ದೀನಿ. ಊರು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಮುಂದಿನ ಸೆಮಿಸ್ಟರ್ ಪೂರ್ತಿ ಪ್ರಾಜೆಕ್ಟು. ವಿಷಯ ನೀನೇ ಆರಿಸ್ಕೋ ಅಂತ ಗೈಡ್ ಹೇಳಿದಾರೆ.

ನಮ್ಮೂರ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ನನ್ನ ಜೊತೆ ಪ್ರೈಮರಿ ಓದಿದ ಎಷ್ಟೋ ಜನರ ಹಲ್ಲಲ್ಲಿ ಕಂದು ಪಟ್ಟೆ ಇದೆ. ಅಜ್ಜಿಗೆ ಮಂಡಿ ಬಗ್ಗಲ್ಲ. ಈಗ ಶುದ್ಧ ನೀರಿನ ಘಟಕ ಬಂದಿದೆ, ಕಾಯಿನ್ ಹಾಕಿ ಕ್ಯಾನ್ ತುಂಬಿಸ್ಕೊಂಡು ಬರ್ತೀವಿ. ಆದ್ರೆ ಅದರ ಮೆಂಬ್ರೇನ್ (ನೀರು ಸೋಸೋ ತೆಳು ಪರದೆ) ಹಾಳಾಗಿದ್ರೆ ಕುಡಿಯೋರಿಗೆ ಗೊತ್ತಾಗೋದು ಹೇಗೆ? ಫ್ಲೋರೈಡ್‌ಗೆ ಬಣ್ಣಾನೂ ಇಲ್ಲ, ವಾಸನೇನೂ ಇಲ್ಲ. ಅಂಗನವಾಡಿ ಟೀಚರ್ ಕೂಡ ನೀರಲ್ಲಿ ಅದ್ದಿ ನೋಡಿ ಹೇಳೋ ಅಂಥ ಒಂದು ಪಟ್ಟಿ ಮಾಡ್ಬೇಕು ಅಂತ ನನಗೆ ತುಂಬ ಆಸೆ.

ಸೆಲೆಕ್ಸ್ ವಿಧಾನದ ಬಗ್ಗೆ ಕ್ಲಾಸಲ್ಲಿ ಕೇಳಿದ್ದೆ: ಲಕ್ಷಾಂತರ ಕೋಟಿ ಡಿಎನ್‌ಎ ತುಣುಕುಗಳನ್ನ ಒಂದು ಗುರಿ ಅಣುವಿನ ಜೊತೆ ಬಿಟ್ಟು, ಅಂಟಿದ್ದನ್ನ ಉಳಿಸ್ಕೊಂಡು, ಪಿಸಿಆರ್ ಅನ್ನೋ ನಕಲು ಮಾಡೋ ವಿಧಾನದಲ್ಲಿ ಹೆಚ್ಚಿಸಿ, ಮತ್ತೆ ಅದನ್ನೇ ಮಾಡೋದು. ಕೊನೆಗೆ ಸಿಗೋ ತುಣುಕೇ ಆಪ್ಟಮರ್. ಫ್ಲೋರೈಡ್‌ಗೆ ಹೀಗೆ ಒಂದು ಆಪ್ಟಮರ್ ತೆಗೀಬಹುದಾ? ಒಂದು ಸೆಮಿಸ್ಟರಲ್ಲಿ ಮುಗಿಯುತ್ತಾ? ನಮ್ಮಲ್ಲಿ ಪಿಸಿಆರ್ ಮಷೀನು, ಜೆಲ್ (ಡಿಎನ್‌ಎ ತುಣುಕುಗಳನ್ನ ಉದ್ದದ ಪ್ರಕಾರ ಬೇರೆ ಮಾಡಿ ತೋರಿಸೋದು), ಒಂದು ಫ್ಲೋರೋಮೀಟರ್ (ಹೊಳಪು ಅಳೆಯೋ ಯಂತ್ರ) ಇದೆ. ಸೀಕ್ವೆನ್ಸಿಂಗ್‌ಗೆ, ಅಂದ್ರೆ ಡಿಎನ್‌ಎ ಅಕ್ಷರ ಓದಿಸೋಕೆ, ಹೊರಗೆ ಕಳಿಸ್ಬೇಕು.

—

ಉತ್ತರ: ದುರ್ಗದವಳು

ನಾನು ಚಿತ್ರದುರ್ಗದಲ್ಲೇ ಹುಟ್ಟಿ ಬೆಳೆದವಳು. ಬೆಂಗಳೂರಲ್ಲಿ ಪಿಎಚ್‌ಡಿ ಮಾಡಿದ್ದು ಪೂರ್ತಿ ಆಪ್ಟಮರ್ ಮೇಲೆ, ಈಗ ದಾವಣಗೆರೇಲಿ ಪಾಠ ಮಾಡ್ತಿದ್ದೀನಿ. ನಿನ್ನ ಪ್ರಶ್ನೆ ಓದಿ ಖುಷಿಯಾಯ್ತು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

ಫ್ಲೋರೈಡ್ ಮೇಲೆ ನೇರವಾಗಿ ಸೆಲೆಕ್ಸ್ ಮಾಡೋಕೆ ಹೋಗಬೇಡ. ಯಾಕೆ ಅಂತ ಅರ್ಥ ಆಗ್ಬೇಕಾದ್ರೆ ಈ ಕೆಲಸ ಒಳಗೆ ಹೇಗೆ ನಡೆಯುತ್ತೆ ಅಂತ ನೋಡ್ಬೇಕು.

ಶುರು ಮಾಡೋದು ಒಂದು ಲೈಬ್ರರಿಯಿಂದ, ಅಂದ್ರೆ ಬೇರೆ ಬೇರೆ ಡಿಎನ್‌ಎ ತುಣುಕುಗಳ ರಾಶಿಯಿಂದ. ಮಧ್ಯದಲ್ಲಿ 40 ಜಾಗ ಖಾಲಿ ಬಿಟ್ಟು, ಆ ಕಡೆ ಈ ಕಡೆ ಪ್ರೈಮರ್ (ನಕಲು ಶುರು ಮಾಡಿಸೋ ಚಿಕ್ಕ ಡಿಎನ್‌ಎ ತುಣುಕು) ಕೂರೋಕೆ 20-20 ನಿಶ್ಚಿತ ಅಕ್ಷರ ಇಟ್ಟು ಡಿಎನ್‌ಎ ಮಾಡಿಸ್ತೀವಿ ಅನ್ಕೋ. ಆ 40 ಜಾಗದಲ್ಲಿ ಎ, ಟಿ, ಜಿ, ಸಿ ಯಾವುದು ಬೇಕಾದ್ರೂ ಬರಬಹುದು. ಒಟ್ಟು ಸಾಧ್ಯತೆ 4ರ 40ನೇ ಘಾತ, ಅಂದ್ರೆ 12ರ ಮುಂದೆ 23 ಸೊನ್ನೆ. ಪ್ರತಿಯೊಂದರದ್ದೂ ಒಂದೇ ಒಂದು ಪ್ರತಿ ಬೇಕು ಅಂದ್ರೂ ಸುಮಾರು 50 ಕೆಜಿ ಡಿಎನ್‌ಎ ಆಗುತ್ತೆ. ನಾವು ಟ್ಯೂಬಿಗೆ ಹಾಕೋದು ಒಂದು ನ್ಯಾನೋಮೋಲ್, 25 ಮೈಕ್ರೋಗ್ರಾಂ ಆಸುಪಾಸು. ಅದರಲ್ಲಿರೋದು 6ರ ಮುಂದೆ 14 ಸೊನ್ನೆಯಷ್ಟು ಅಣು. ಹಾಗಾಗಿ ಮೊದಲ ಸುತ್ತಲ್ಲಿ ಬಹುತೇಕ ಪ್ರತಿ ತುಣುಕೂ ಒಂಟಿ. ಅದು ಕಳೆದುಹೋದ್ರೆ ಶಾಶ್ವತವಾಗಿ ಹೋಯ್ತು. ಅದಕ್ಕೇ ಮೊದಲ ಸುತ್ತಲ್ಲಿ ಮೆದುವಾಗಿ ತೊಳೀಬೇಕು, ಗುರಿಯನ್ನ ಧಾರಾಳವಾಗಿ ಕೊಡ್ಬೇಕು. ಬಿಗಿ ಮಾಡೋದು ಮುಂದಿನ ಸುತ್ತುಗಳಲ್ಲಿ.

1990ರಲ್ಲಿ ಇದನ್ನ ಎರಡು ಲ್ಯಾಬ್‌ಗಳು ಬೇರೆ ಬೇರೆಯಾಗಿ ಪ್ರಕಟಿಸಿದ್ವು. ಕೊಲೊರಾಡೋದಲ್ಲಿ ಟುಯೆರ್ಕ್ ಮತ್ತು ಗೋಲ್ಡ್, ಬೋಸ್ಟನ್ನಲ್ಲಿ ಎಲ್ಲಿಂಗ್ಟನ್ ಮತ್ತು ಶೋಸ್ಟಾಕ್. ಸೆಲೆಕ್ಸ್ ಅನ್ನೋ ಹೆಸರು ಮೊದಲನೆಯವರದ್ದು, ಆಪ್ಟಮರ್ ಅನ್ನೋದು ಎರಡನೆಯವರದ್ದು. ಟುಯೆರ್ಕ್, ಗೋಲ್ಡ್ ಪ್ರಯೋಗ ಓದಲೇಬೇಕು. ಟಿ4 ವೈರಸ್ಸಿನ ಡಿಎನ್‌ಎ ಪಾಲಿಮರೇಸ್ ಹಿಡಿಯೋ ಆರ್‌ಎನ್‌ಎ ಕುಣಿಕೆಯಲ್ಲಿ 8 ಜಾಗ ಮಾತ್ರ ಕಲಸಿದ್ರು, ಒಟ್ಟು 65,536 ರೂಪ. ಸುತ್ತುಗಳು ಮುಗಿದಾಗ ಮೇಲೆ ಬಂದಿದ್ದು ಮುಖ್ಯವಾಗಿ ಎರಡು. ಒಂದು ಪ್ರಕೃತಿಯಲ್ಲಿ ಮೊದಲೇ ಇದ್ದದ್ದು. ಇನ್ನೊಂದು ನಾಲ್ಕು ಜಾಗದಲ್ಲಿ ಬೇರೆ ಇದ್ರೂ ಅಷ್ಟೇ ಗಟ್ಟಿಯಾಗಿ ಹಿಡಿಯೋದು. ಆ ಎರಡನೇದನ್ನ ಯಾರೂ ಕೂತು ಊಹಿಸೋಕೆ ಆಗ್ತಿರಲಿಲ್ಲ. ಈ ವಿಧಾನದ ಮೇಲೆ ನನಗೆ ಮನಸ್ಸು ಬಂದಿದ್ದೇ ಆ ಫಲಿತಾಂಶ ಓದಿ.

ಈಗ ಬೆಂಚ್ ಹತ್ರ ಬಾ. ಗುರಿ ಅಣುವನ್ನ ಸಾಮಾನ್ಯವಾಗಿ ಮ್ಯಾಗ್ನೆಟಿಕ್ ಬೀಡ್ (ಅಯಸ್ಕಾಂತಕ್ಕೆ ಅಂಟೋ ಚಿಕ್ಕ ಕಣ) ಮೇಲೆ ಕಟ್ಟಿರ್ತೀವಿ. ಡಿಎನ್‌ಎನ 95 ಡಿಗ್ರಿಗೆ ಕಾಯಿಸಿ, ತಣ್ಣಗೆ ಮಾಡಿ, ಮೆಗ್ನೀಸಿಯಂ ಇರೋ ಬಫರಲ್ಲಿ ಮಡಚ್ಕೊಳ್ಳೋಕೆ ಬಿಟ್ಟು, ಬೀಡ್ ಜೊತೆ ಸೇರಿಸ್ತೀವಿ. ಟ್ಯೂಬನ್ನ ಅಯಸ್ಕಾಂತದ ಸ್ಟ್ಯಾಂಡಲ್ಲಿ ಇಟ್ಟಾಗ ಕಂದು ಬಣ್ಣದ ಕಣಗಳು ಒಂದು ಗೋಡೆಗೆ ಸರಿದು ಗೆರೆ ಆಗಿ ನಿಲ್ತವೆ, ನೀರು ತಿಳಿಯಾಗುತ್ತೆ. ಪಿಪೆಟ್ ತುದಿ ಎದುರು ಗೋಡೆಗೆ ತಾಗಿಸಿ, ಆ ಗೆರೆ ಕದಡದ ಹಾಗೆ ನೀರು ಎಳೀಬೇಕು. ಮೊರದಲ್ಲಿ ಶೇಂಗಾ ಕೇರಿದ ಹಾಗೇ ಇದು: ಎಷ್ಟು ಜೋರಾಗಿ ಕೇರ್ತೀಯೋ ಅದರ ಮೇಲೆ ಏನು ಉಳಿಯುತ್ತೆ ಅನ್ನೋದು. ಪಿಸಿಆರ್ ಕೆಲಸ ಬರೀ ಹೆಚ್ಚಿಸೋದು. ನಮಗೆ ಬೇಕಾದ ಆಯ್ಕೆ ನಡೆಯೋದು ಈ ತೊಳೆಯೋ ಹಂತದಲ್ಲಿ.

ಪಿಸಿಆರ್ ಕೂಡ ತನ್ನದೇ ಆಯ್ಕೆ ಸೇರಿಸುತ್ತೆ ಅನ್ನೋದನ್ನ ಮರೀಬೇಡ. ಚೆನ್ನಾಗಿ ಅಂಟೋ ತುಣುಕಿಗಿಂತ ಸುಲಭವಾಗಿ ನಕಲಾಗೋ ತುಣುಕು ಗೆದ್ದುಬಿಡಬಹುದು. ಅದಕ್ಕೇ ಪ್ರತಿ ಸುತ್ತಲ್ಲೂ ಮೊದಲು ಒಂದು ಚಿಕ್ಕ ಪಿಸಿಆರ್ ಹಾಕಿ 6, 8, 10, 12, 14ನೇ ಸೈಕಲ್‌ನಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಜೆಲ್ ಓಡಿಸು. 80 ಅಕ್ಷರದ ಬ್ಯಾಂಡು ಮೊದಲು ತೆಳ್ಳಗೆ, ಆಮೇಲೆ ದಪ್ಪ ಆಗುತ್ತೆ. ಸೈಕಲ್ ಜಾಸ್ತಿಯಾದ್ರೆ ಅದರ ಮೇಲೆ ಮಸಿ ಬಳಿದ ಹಾಗೆ ಉದ್ದದ ಕಸ ಕಾಣುತ್ತೆ. ಆ ಕಸ ಶುರುವಾಗೋಕೆ ಮುಂಚಿನ ಸೈಕಲ್ಲೇ ನಿನ್ನ ಸೈಕಲ್. ಇದನ್ನ ಬಿಟ್ಟರೆ ಐದಾರು ಸುತ್ತಿಗೆ ಲೈಬ್ರರಿ ಪೂರ್ತಿ ಕಸ ಆಗಿರುತ್ತೆ.

ಆಮೇಲೆ ಎರಡು ಎಳೆ ಬೇರೆ ಮಾಡ್ಬೇಕು. ಬೇಡದ ಎಳೆ ಶುರು ಮಾಡೋ ರಿವರ್ಸ್ ಪ್ರೈಮರಿಗೆ ಬಯೋಟಿನ್ ಹಾಕಿಸಿ, ಅದನ್ನ ಗಟ್ಟಿಯಾಗಿ ಹಿಡಿಯೋ ಸ್ಟ್ರೆಪ್ಟಾವಿಡಿನ್ ಇರೋ ಬೀಡಿಗೆ ಕಟ್ಟಿ, ತೆಳು ಸೋಡಿಯಂ ಹೈಡ್ರಾಕ್ಸೈಡಲ್ಲಿ ಬೇಕಾದ ಎಳೆ ಬಿಡಿಸ್ಕೋಬಹುದು. ಹೀಗೆ 8ರಿಂದ 15 ಸುತ್ತು ಸಾಮಾನ್ಯ.

ಈಗ ಫ್ಲೋರೈಡ್‌ಗೆ ಬರೋಣ. ಅದೊಂದು ಒಂಟಿ ಅಯಾನು, ತೂಕ 19. ಬೀಡ್ ಮೇಲೆ ಕಟ್ಟೋಕೆ ಅದಕ್ಕೆ ಕೈಯೂ ಇಲ್ಲ ಬಾಲವೂ ಇಲ್ಲ. ಕಟ್ಟಿಬಿಟ್ರೆ ಅದು ಫ್ಲೋರೈಡ್ ಅಯಾನಾಗಿ ಉಳಿಯೋದೇ ಇಲ್ಲ. ಮೇಲಿಂದ ಅದು ಋಣ ವಿದ್ಯುದಂಶದ್ದು, ಡಿಎನ್‌ಎ ಬೆನ್ನೆಲುಬಿನ ಫಾಸ್ಫೇಟುಗಳೂ ಋಣವೇ, ಒಂದನ್ನೊಂದು ದೂಡ್ತವೆ. ಸಾಲದ್ದಕ್ಕೆ ನೀರಿನ ಅಣುಗಳು ಫ್ಲೋರೈಡನ್ನ ಬಿಗಿಯಾಗಿ ಸುತ್ಕೊಂಡಿರ್ತವೆ, ಅವನ್ನ ಬಿಡಿಸಿ ಒಳಗೆ ಎಳ್ಕೊಳ್ಳೋ ತುಣುಕು ಬೇಕು. ಒಂದು ಸೆಮಿಸ್ಟರಲ್ಲಿ ಎಂ.ಎಸ್ಸಿ ವಿದ್ಯಾರ್ಥಿ ತಲೆ ಮೇಲೆ ಹಾಕೋ ಭಾರ ಅಲ್ಲ ಇದು.

—

ಉತ್ತರ: ನೀರು_ಪರೀಕ್ಷೆ_ದಾವಣಗೆರೆ

ಮೇಡಂ ಹೇಳಿದ್ದು ಸರಿ. ನಾನು ನೀರು ಪರೀಕ್ಷೆ ಕೆಲಸದಲ್ಲಿ ಇರೋನು. ಫ್ಲೋರೈಡ್ ಅಳೆಯೋಕೆ ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್ (ಒಂದೇ ಅಯಾನನ್ನ ಗುರುತಿಸೋ ಕಡ್ಡಿ) ಇದೆ. ಟಿಸಾಬ್ ಬಫರ್ ಸೇರಿಸಿ ಅದ್ದಿದ್ರೆ ಆಯ್ತು. ಆ ಬಫರ್ ಬಿಡಬೇಡಿ, ಅಲ್ಯೂಮಿನಿಯಂ, ಕಬ್ಬಿಣ ಫ್ಲೋರೈಡನ್ನ ಕಟ್ಟಿ ಹಾಕಿದ್ರೆ ರೀಡಿಂಗ್ ಕಮ್ಮಿ ಬರುತ್ತೆ. ಹಳ್ಳಿಗೆ ಬೇಕಾದ್ರೆ ಜಿರ್ಕೋನಿಯಂ ಬಣ್ಣದ ಕಿಟ್ ಇದೆ, ಫ್ಲೋರೈಡ್ ಇದ್ದಷ್ಟೂ ಕೆಂಪು ಮಸುಕಾಗುತ್ತೆ. ನಮ್ಮ ದೇಶದ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲ ಅಂದಾಗ 1.5 ತನಕ.

ಘಟಕದ ವಿಷಯಕ್ಕೆ ಒಂದು ಮಾತು. ಟಿಡಿಎಸ್ ಮೀಟರ್ (ನೀರಲ್ಲಿ ಕರಗಿರೋ ಒಟ್ಟು ಲವಣ ತೋರಿಸೋದು) ಹಿಡ್ಕೊಂಡು ಒಳಗೆ ಹೋಗೋ ನೀರು, ಹೊರಗೆ ಬರೋ ನೀರು ಎರಡನ್ನೂ ವಾರವಾರ ಬರೆದಿಡಿ. ಅದು ಫ್ಲೋರೈಡ್ ತೋರಿಸಲ್ಲ, ಆದ್ರೆ ಹೊರಗಿನ ನಂಬರ್ ಏರ್ತಾ ಹೋದ್ರೆ ಮೆಂಬ್ರೇನ್ ಹೋಗ್ತಿದೆ ಅಂತ ಅರ್ಥ. ಆಗ ತಕ್ಷಣ ಫ್ಲೋರೈಡ್ ಟೆಸ್ಟ್ ಮಾಡಿಸಿ.

—

ಉತ್ತರ: ಆರ್‌ಎನ್‌ಎ_ಅಭಿಮಾನಿ

ಫ್ಲೋರೈಡನ್ನ ಪೂರ್ತಿ ಕೈಬಿಡೋ ಮುಂಚೆ ಒಂದು ವಿಷಯ. ಲ್ಯಾಬಲ್ಲಿ ಆರಿಸೋಕೆ ಕಷ್ಟ ಇರೋದನ್ನ ಬ್ಯಾಕ್ಟೀರಿಯಾಗಳು ಮೊದಲೇ ಆರಿಸಿಟ್ಟಿವೆ. 2012ರಲ್ಲಿ ಯೇಲ್‌ನ ಬ್ರೇಕರ್ ಅವರ ತಂಡ ಫ್ಲೋರೈಡ್ ಹಿಡಿಯೋ ರೈಬೋಸ್ವಿಚ್ ಪ್ರಕಟಿಸಿತು. ರೈಬೋಸ್ವಿಚ್ ಅಂದ್ರೆ ಗುರಿ ಅಣು ಹಿಡಿದಾಗ ಆಕಾರ ಬದಲಿಸಿ ಜೀನನ್ನ ನಿಯಂತ್ರಿಸೋ ಆರ್‌ಎನ್‌ಎ ತುಣುಕು. ಅದೇ ವರ್ಷ ಅದರ ಸ್ಫಟಿಕ ರಚನೆಯೂ ಬಂತು: ಮೂರು ಮೆಗ್ನೀಸಿಯಂ ಅಯಾನುಗಳು ಫ್ಲೋರೈಡನ್ನ ಸುತ್ತುವರಿದಿವೆ, ಆ ಮೆಗ್ನೀಸಿಯಂಗಳನ್ನ ಆರ್‌ಎನ್‌ಎಯ ಫಾಸ್ಫೇಟುಗಳು ಹಿಡಿದಿವೆ. ಋಣ-ಋಣ ದೂಡಾಟಕ್ಕೆ ಪ್ರಕೃತಿ ಕಂಡ್ಕೊಂಡ ದಾರಿ ಇದು. ಕ್ಲೋರೈಡನ್ನ ಅದು ಹಿಡಿಯಲ್ಲ.

2020ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಒಂದು ತಂಡ ಈ ಸ್ವಿಚ್ಚನ್ನ ಜೀವಕೋಶ ಇಲ್ಲದ, ಒಣಗಿಸಿಟ್ಟ ಮಿಶ್ರಣಕ್ಕೆ ಸೇರಿಸಿ, ಬರೀ ನೀರು ಹಾಕಿದ್ರೆ ಸಂಕೇತ ಬರೋ ಹಾಗೆ ಮಾಡಿತು. ಕೋಸ್ಟರಿಕಾದಲ್ಲಿ ಹೊರಗೆ ತಗೊಂಡು ಹೋಗಿ ಪರೀಕ್ಷೆನೂ ಮಾಡಿದ್ರು, ಲೀಟರಿಗೆ 2 ಮಿಲಿಗ್ರಾಂ ಮಟ್ಟ ಪತ್ತೆ ಆಗುತ್ತೆ. ಚಳ್ಳಕೆರೆಗೂ ಇದು ಬರಬೇಕು ಅನ್ನೋದು ನನ್ನ ಅಭಿಪ್ರಾಯ.

—

ಉತ್ತರ: ಎಣ್ಣೆ_ಮಿಲ್_ಮನೆಯವನು

ನಮ್ಮದು ಚಳ್ಳಕೆರೇಲಿ ಶೇಂಗಾ ವ್ಯಾಪಾರ. ವಿಜ್ಞಾನ ನನಗೆ ಅಷ್ಟು ಬರಲ್ಲ, ಆದ್ರೆ ಊರಿಗೆ ಉಪಯೋಗ ಆಗೋದು ಹುಡುಕ್ತಿದ್ರೆ ಅಫ್ಲಾಟಾಕ್ಸಿನ್ ನೋಡಿ, ಶೇಂಗಾದಲ್ಲಿ ಬೂಸ್ಟು ಬಿಡೋ ವಿಷ ಅದು. ಕಾಯಿ ಬಲಿಯೋ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಕಾದ್ರೆ ಬೂಸ್ಟು ಕಾಯಿ ಒಳಗೇ ಹೊಕ್ಕಿರುತ್ತೆ. ಕಿತ್ತ ಮೇಲೆ ಬಣವೆಗೆ ಮಳೆ ಬಿದ್ರೂ ಅಷ್ಟೇ. ಯುರೋಪಿಗೆ ಕಳಿಸೋ ಶೇಂಗಾದಲ್ಲಿ ನೇರ ತಿನ್ನೋದಕ್ಕೆ ಕೆಜಿಗೆ ಒಟ್ಟು 4 ಮೈಕ್ರೋಗ್ರಾಂ ಮೀರಬಾರದು. ನಮಗೆ ರಿಪೋರ್ಟ್ ಬರೋ ಹೊತ್ತಿಗೆ ಲಾರಿ ಲೋಡ್ ಆಗಿರುತ್ತೆ.

ಒಂದು ಮಾತು ನೆನಪಿರಲಿ. ಒಂದು ಚೀಲದಲ್ಲಿ ಕೆಟ್ಟ ಬೀಜ ಇರೋದು ಬೆರಳೆಣಿಕೆಯಷ್ಟು, ಆದ್ರೆ ಆ ಒಂದೊಂದರಲ್ಲೂ ವಿಷ ವಿಪರೀತ. ಮೇಲಿನ ಒಂದು ಹಿಡಿ ತೆಗೆದು ಟೆಸ್ಟ್ ಮಾಡಿದ್ರೆ ಏನೂ ಗೊತ್ತಾಗಲ್ಲ. ಚೀಲಚೀಲದಿಂದ ತೆಗೆದು, ಕೂಡಿಸಿ, ನುಣ್ಣಗೆ ಪುಡಿ ಮಾಡಿ, ಅದರಿಂದ ತಗೋಬೇಕು. ನಿಮಗೆ ಮಾದರಿ ಬೇಕಾದ್ರೆ ನಾನು ಕೊಡ್ತೀನಿ.

—

ಬಯಲುಸೀಮೆ_ಹುಡುಗ

ಇಷ್ಟು ಜನ ಬರೆದಿದ್ದಕ್ಕೆ ಮನಸ್ಸು ತುಂಬಿ ಬಂತು. ಟಿಡಿಎಸ್ ಪುಸ್ತಕ ಇಡೋದನ್ನ ಊರಲ್ಲಿ ಈ ವಾರವೇ ಶುರು ಮಾಡಿಸ್ತೀನಿ.

ದುರ್ಗದ ಮೇಡಂ, ರೈಬೋಸ್ವಿಚ್ ನನ್ನ ಕೈಲಿ ಆಗುತ್ತಾ? ಅಫ್ಲಾಟಾಕ್ಸಿನ್ ಕೂಡ ಚಿಕ್ಕ ಅಣುವೇ ಅಲ್ವಾ, ಅದನ್ನ ಬೀಡ್‌ಗೆ ಕಟ್ಟೋದು ಹೇಗೆ? ಆರ್ಸೆನಿಕ್‌ಗೇ ಆಪ್ಟಮರ್ ಇದೆ ಅಂತ ಒಂದು ಪೇಪರ್ ಓದಿದ್ದೆ, ಆರ್ಸೆನಿಕ್‌ಗೆ ಆಗುತ್ತೆ ಅಂದ್ರೆ ಫ್ಲೋರೈಡ್‌ಗೆ ಯಾಕಾಗಲ್ಲ ಅನ್ನೋ ಯೋಚನೆ ಬಂದಿದ್ದೇ ಅಲ್ಲಿಂದ.

—

ಉತ್ತರ: ದುರ್ಗದವಳು

ಆರ್ಸೆನಿಕ್ ಪೇಪರ್ ಬಗ್ಗೆಯೇ ಮೊದಲು ಹೇಳ್ತೀನಿ, ಯಾಕಂದ್ರೆ ಈ ಕ್ಷೇತ್ರಕ್ಕೆ ಬರೋ ಪ್ರತಿಯೊಬ್ಬರಿಗೂ ಆ ಕಥೆ ಗೊತ್ತಿರಬೇಕು. 2009ರಲ್ಲಿ ಆರ್ಸೆನಿಕ್ ಹಿಡಿಯೋ ಡಿಎನ್‌ಎ ಅಂತ ಒಂದು ತುಣುಕು ಪ್ರಕಟ ಆಯ್ತು. ಅದನ್ನ ನಂಬಿ ಎಷ್ಟೋ ಲ್ಯಾಬ್‌ಗಳು ಸೆನ್ಸರ್ ಮಾಡಿ ಪೇಪರ್ ಬರೆದ್ವು. 2019ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಇಬ್ಬರು ಕೂತು ಅದು ನಿಜವಾಗ್ಲೂ ಅಂಟುತ್ತಾ ಅಂತ ಬೇರೆ ಬೇರೆ ವಿಧಾನದಲ್ಲಿ ನೋಡಿದ್ರು. ಅಂಟಲ್ಲ. ಚಿನ್ನದ ನ್ಯಾನೋಕಣದ ಬಣ್ಣ ಬದಲಾಗ್ತಿದ್ದದ್ದು ಆರ್ಸೆನಿಕ್ ತಾನೇ ಚಿನ್ನಕ್ಕೆ ಅಂಟಿದ್ದರಿಂದ. ಸಂಬಂಧ ಇಲ್ಲದ ಇನ್ಯಾವುದೋ ಡಿಎನ್‌ಎ ಹಾಕಿದ್ರೂ ಅದೇ ಬಣ್ಣ ಬರ್ತಿತ್ತು. ಹತ್ತು ವರ್ಷ ಯಾಕೆ ಬೇಕಾಯ್ತು? ಅಕ್ಷರ ಕಲಸಿದ ತುಣುಕನ್ನ ಪಕ್ಕದಲ್ಲಿಟ್ಟು ನೋಡೋದನ್ನ ಜನ ಬಿಟ್ಟುಬಿಡ್ತಾರೆ. ನೀನು ಬಿಡಬಾರದು. ಇದೊಂದನ್ನ ನನ್ನ ವಿದ್ಯಾರ್ಥಿಗಳಿಗೆ ನಾನು ಸಾಕು ಸಾಕು ಅನ್ನೋವಷ್ಟು ಹೇಳ್ತೀನಿ.

ರೈಬೋಸ್ವಿಚ್ ಬಗ್ಗೆ ಗೆಳೆಯರು ಬರೆದಿದ್ದು ನನಗೂ ತುಂಬ ಇಷ್ಟದ ವಿಷಯ. ಆದ್ರೆ ಜೀವಕೋಶ ಇಲ್ಲದ ಮಿಶ್ರಣ ತಯಾರಿಸೋದು, ಒಣಗಿಸೋದು, ಬೇಸಿಗೇಲಿ ಕೆಡದ ಹಾಗೆ ಇಡೋದು, ಇದೆಲ್ಲ ಒಬ್ಬನೇ ಮಾಡೋ ಕೆಲಸ ಅಲ್ಲ. ಪಿಎಚ್‌ಡಿಗೆ ಇಟ್ಕೋ. ಅಲ್ಲಿ ತನಕ ಊರಿನ ನೀರಿಗೆ ಎಲೆಕ್ಟ್ರೋಡೇ ಸರಿ, ಅದರಲ್ಲಿ ನನಗೆ ಅನುಮಾನ ಇಲ್ಲ.

ಅಫ್ಲಾಟಾಕ್ಸಿನ್ ತಗೋ. ಅದರ ಬಿ1 ಅನ್ನೋ ಬಗೆಯ ಅಣುವಿನ ತೂಕ 312, ಚಪ್ಪಟೆ ಉಂಗುರಗಳು ಇವೆ, ಡಿಎನ್‌ಎ ಮಡಿಕೆ ಒಳಗೆ ಸೇರಿ ಕೂರೋಕೆ ಅವಕಾಶ ಇದೆ. ಅದನ್ನ ಕಟ್ಟೋ ಬದಲು ಲೈಬ್ರರಿಯನ್ನೇ ಕಟ್ಟೋ ಉಪಾಯ ಇದೆ, ಕ್ಯಾಪ್ಚರ್ ಸೆಲೆಕ್ಸ್ ಅಂತಾರೆ. ಲೈಬ್ರರಿಯ ಒಂದು ನಿಶ್ಚಿತ ಭಾಗಕ್ಕೆ ಜೋಡಿಯಾಗೋ ಚಿಕ್ಕ ಎಳೆಯನ್ನ ಬೀಡ್ ಮೇಲೆ ಇಟ್ಟು, ಲೈಬ್ರರಿನ ಅದಕ್ಕೆ ಸಿಕ್ಕಿಸ್ತಾರೆ. ಮೇಲೆ ವಿಷದ ದ್ರಾವಣ ಹಾಕಿದಾಗ ಯಾವ ತುಣುಕು ವಿಷ ಹಿಡಿದು ಆಕಾರ ಬದಲಿಸುತ್ತೋ ಅದು ಬೀಡ್ ಬಿಟ್ಟು ನೀರಿಗೆ ಬರುತ್ತೆ. ಗುರಿ ಅಣು ತನ್ನ ಸಹಜ ರೂಪದಲ್ಲೇ ಇರುತ್ತೆ.

ಹೋಲುವ ಅಣುಗಳನ್ನ ಹಿಡಿಯೋ ತುಣುಕುಗಳನ್ನ ತೆಗೆದುಹಾಕೋದೂ ಅಷ್ಟೇ ಮುಖ್ಯ. 1994ರಲ್ಲಿ ಥಿಯೋಫಿಲಿನ್‌ಗೆ ಆರ್‌ಎನ್‌ಎ ಆರಿಸಿದಾಗ, ಥಿಯೋಫಿಲಿನ್ ಕಟ್ಟಿದ ಕಾಲಂಗೆ (ಕೊಳವೆಗೆ) ಅಂಟಿದ್ದರ ಮೇಲೆ ಮೊದಲು ಕೆಫೀನ್ ಹರಿಸಿ, ಅದಕ್ಕೆ ಬಿಟ್ಟುಬಂದಿದ್ದನ್ನೆಲ್ಲ ಚೆಲ್ಲಿದ್ರು. ಆಮೇಲೆ ಥಿಯೋಫಿಲಿನ್‌ಗೆ ಬಿಟ್ಟುಬಂದಿದ್ದನ್ನ ಮಾತ್ರ ಉಳಿಸ್ಕೊಂಡ್ರು. ಆಸ್ತಮಾ ಔಷಧಿ ಥಿಯೋಫಿಲಿನ್‌ಗೂ ಕಾಫಿಯ ಕೆಫೀನ್‌ಗೂ ಇರೋ ವ್ಯತ್ಯಾಸ ಒಂದು ಮೀಥೈಲ್ ಗುಂಪು. ಸಿಕ್ಕ ಆರ್‌ಎನ್‌ಎ ಥಿಯೋಫಿಲಿನ್‌ನ ಕೆಫೀನ್‌ಗಿಂತ ಹತ್ತು ಸಾವಿರ ಪಟ್ಟು ಹೆಚ್ಚು ಗಟ್ಟಿಯಾಗಿ ಹಿಡಿಯುತ್ತೆ. ಕೆಫೀನ್ ಹಂತ ಇಲ್ದಿದ್ರೆ ಇಷ್ಟು ನಿಖರ ಬರ್ತಿರಲಿಲ್ಲ.

ಆದ್ರೂ ನಿನಗೆ ನಾನು ಹೊಸ ಸೆಲೆಕ್ಷನ್ ಹೇಳಲ್ಲ. ಅಫ್ಲಾಟಾಕ್ಸಿನ್ ಬಿ1ಗೆ ಪ್ರಕಟವಾಗಿರೋ 50 ಅಕ್ಷರದ ಡಿಎನ್‌ಎ ತುಣುಕು ಇದೆ, ಅದನ್ನ ಮಾಡಿಸ್ಕೋ. ಅದೇ ಅಕ್ಷರಗಳನ್ನ ಕಲಸಿದ ಇನ್ನೊಂದನ್ನೂ ಅದೇ ಆರ್ಡರಲ್ಲಿ ಹಾಕು. ಒಂದು ತುದಿಗೆ ಫ್ಲೋರೆಸಿನ್ ಬಣ್ಣ, ಅದಕ್ಕೆ ಜೋಡಿಯಾಗೋ ಚಿಕ್ಕ ಎಳೆಗೆ ಆ ಬೆಳಕು ನುಂಗೋ ಕ್ವೆಂಚರ್. ವಿಷ ಬಂದಾಗ ಚಿಕ್ಕ ಎಳೆ ಕಳಚಿ ಬೆಳಕು ಬರ್ಬೇಕು. ನೀಲಿ ಬೆಳಕು ಕೊಡೋ ಡೈ ಮಾತ್ರ ಹಾಕ್ಬೇಡ, ಅಫ್ಲಾಟಾಕ್ಸಿನ್ ಬಿ1 ತಾನೇ 365 ನ್ಯಾನೋಮೀಟರ್ ಯುವಿಯಲ್ಲಿ ನೀಲಿಯಾಗಿ ಹೊಳೆಯುತ್ತೆ, ಗೊಂದಲ ಆಗುತ್ತೆ.

ನಿಜವಾದ ಪ್ರಶ್ನೆ ಶೇಂಗಾದ್ದು. ಬೀಜದಿಂದ ವಿಷ ತೆಗೆಯೋಕೆ ಮೆಥನಾಲ್ ಬೆರೆಸಿದ ನೀರು ಬೇಕು, ಆದ್ರೆ ಮೆಥನಾಲ್ ಜಾಸ್ತಿಯಾದ್ರೆ ಡಿಎನ್‌ಎ ಮಡಿಕೆಯೇ ಕೆಡುತ್ತೆ. ಎಷ್ಟು ತೆಳು ಮಾಡ್ಬೇಕು? ಅಷ್ಟು ತೆಳು ಮಾಡಿದ ಮೇಲೂ 4 ಮೈಕ್ರೋಗ್ರಾಂ ಮಟ್ಟ ಕಾಣುತ್ತಾ? ಎಣ್ಣೆ ಅಂಶ ಏನು ಮಾಡುತ್ತೆ? ವಿಷ ಇಲ್ಲದ ಚಳ್ಳಕೆರೆ ಶೇಂಗಾದ ಸಾರಕ್ಕೆ ತಿಳಿದ ಪ್ರಮಾಣದ ವಿಷ ಸೇರಿಸಿ, ಎರಡೂ ತುಣುಕಿನ ಜೊತೆ ಅಳೆದು ನೋಡು. ಉತ್ತರ ಏನೇ ಬಂದ್ರೂ, ಕೆಲಸ ಮಾಡಲ್ಲ ಅಂತ ಬಂದ್ರೂ, ಅದು ಪ್ರಾಜೆಕ್ಟಿಗೆ ಯೋಗ್ಯವಾದ ಉತ್ತರ. ಮಾದರಿ ತೆಗೆಯೋದನ್ನ ಮಿಲ್ ಮನೆಯವರ ಹತ್ರ ನಿಂತು ಕಲಿ, ಅವರು ಹೇಳಿದ್ದು ಅಕ್ಷರಶಃ ನಿಜ.

ಹುಷಾರಾಗಿರು: ಅಫ್ಲಾಟಾಕ್ಸಿನ್ ಕ್ಯಾನ್ಸರ್ ತರೋದು ಅಂತ ಖಚಿತವಾಗಿರೋ ವಿಷ. ಪುಡಿ ತರಿಸ್ಬೇಡ, ದ್ರಾವಣ ರೂಪದಲ್ಲೇ ತರಿಸು. ಗ್ಲೌಸ್ ಹಾಕ್ಕೊಂಡು ಹುಡ್ ಒಳಗೆ ಕೆಲಸ ಮಾಡು. ಮುಟ್ಟಿದ್ದೆಲ್ಲ ಹೈಪೋಕ್ಲೋರೈಟಲ್ಲಿ ನೆನೆಸಿ ಆಮೇಲೆ ಬಿಸಾಕು. ಗೈಡ್ ಇಲ್ಲದಾಗ ಬಾಟಲಿ ತೆಗೀಬೇಡ.

ಆರ್ಡರ್ ಹಾಕೋ ಮುಂಚೆ ಆಪ್ಟಮರ್, ಕಲಸಿದ್ದು, ಕ್ವೆಂಚರ್ ಎಳೆ ಮೂರರ ಅಕ್ಷರಗಳನ್ನೂ ಇಲ್ಲಿ ಹಾಕು. ಕ್ವೆಂಚರ್ ಎಳೆ ತುಂಬ ಉದ್ದ ಆದ್ರೆ ವಿಷ ಬಂದ್ರೂ ಕಳಚಲ್ಲ, ತುಂಬ ಚಿಕ್ಕದಾದ್ರೆ ವಿಷ ಇಲ್ದೇನೂ ಕಳಚುತ್ತೆ. 10, 12, 14 ಅಕ್ಷರದ್ದು ಮೂರೂ ತರಿಸಿ ನೋಡೋದು ಒಳ್ಳೇದು. ನಾನು ನೋಡಿ ಹೇಳ್ತೀನಿ.